ಬಾಗಿಲ ಆಚೆ ನಿಲ್ಲಬೇಕಾದವರು

ಝಿನೈದಾಳ ನಾಚಿಕೆ ನಮ್ಮ ಬೀದಿಗೆ ಹಳೆಯ ತಮಾಷೆ. ಹೈಫಾ ಪಕ್ಕದ ನಮ್ಮ ಊರು ಕಿರ್ಯತ್ ಯಾಮಿನಲ್ಲಿ ಸಮುದ್ರ ಮನೆಯ ಹೊಸಿಲಿಗೇ ಬಂದು ನಿಂತಿದೆ. ಬೇಸಿಗೆ ಬಂತೆಂದರೆ ಎಪ್ಪತ್ತು ದಾಟಿದ ಅಜ್ಜಿಯರೂ ಈಜುಡುಗೆಯ ಮೇಲೊಂದು ಟವೆಲ್ ಸುತ್ತಿಕೊಂಡು ಟೊಮೆಟೊ ಆರಿಸುತ್ತಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಇವಳು ಮಾತ್ರ ಆ ಸುಡುಬಿಸಿಲಲ್ಲೂ ಕಣಕಾಲು ಮುಚ್ಚುವ ಲಂಗ, ಮೊಣಕೈ ದಾಟುವ ತೋಳು. ದಂಡೆಗೆ ಹೋದರೆ ಚಪ್ಪಲಿಯನ್ನೂ ಬಿಚ್ಚುತ್ತಿರಲಿಲ್ಲ. ಇದಕ್ಕೂ ಧರ್ಮಕ್ಕೂ ಸಂಬಂಧವಿರಲಿಲ್ಲ. ಅವಳು ಹುಟ್ಟಿದ್ದು ಮಾಲ್ಡೋವಾದ ಬೆಂದೇರಿಯಲ್ಲಿ, ದೇವರ ಹೆಸರೆತ್ತದ ಮನೆಯಲ್ಲಿ. ಅವಳ ಮೈ ಅವಳದು, ಇನ್ನೊಬ್ಬರು ನೋಡಲಿಕ್ಕಲ್ಲ. ಅಷ್ಟೇ ಅವಳ ಲೆಕ್ಕ.

ಗಂಡ ಸ್ಯೋಮಾ ಬದುಕಿದ್ದಾಗ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ: "ನಮ್ಮವಳು ಡಾಕ್ಟರಿಗೆ ನಾಲಿಗೆ ತೋರ್ಸೋಕೂ ಲೈಟ್ ಆರ್ಸಿ ಅಂತಾಳೆ ಕಣ್ರಪ್ಪಾ!"

"ನಿನ್ ನಾಲಿಗೆನ ಮಾತ್ರ ಊರಿಗೆಲ್ಲಾ ತೋರಿಸ್ಕೊಂಡ್ ಕೂತಿರು," ಎಂದು ಅವಳು ಕಿಟಕಿಯಿಂದ ಕೂಗುತ್ತಿದ್ದಳು.

ಸ್ಯೋಮಾ ಯಹೂದಿ, ಅವಳಲ್ಲ. ಬೆಂದೇರಿಯಲ್ಲಿ ಇದನ್ನು ಕೇಳಿದವರೇ ಇಲ್ಲ. ಇಲ್ಲಿಗೆ ಬಂದ ಮೇಲೂ ಬಹಳ ಕಾಲ ಯಾರೂ ಕೇಳಲಿಲ್ಲ. ತೆರಿಗೆ ತೆಗೆದುಕೊಳ್ಳುವಾಗ ಕೇಳುವುದಿಲ್ಲ, ಆಸ್ಪತ್ರೆಯ ನೆಲ ಒರೆಸಲು ಹಚ್ಚುವಾಗ ಕೇಳುವುದಿಲ್ಲ. ಸತ್ತಾಗ ಕೇಳುತ್ತಾರೆ. ಸ್ಯೋಮಾನನ್ನು ಮಣ್ಣು ಮಾಡಿದ ದಿನ, ಇನ್ನೂ ಸಲಿಕೆಯ ಮಣ್ಣು ಒಣಗಿರಲಿಲ್ಲ, ಝಿನೈದಾ ಹೂಳುವ ಸಂಘದವನ ಹತ್ತಿರ ಪಕ್ಕದ ಜಾಗ ತನಗೆ ಎಂದು ಹೇಳಲು ಹೋದಳು. ಆತ ಒಳ್ಳೆಯ ಮಾತಿನಲ್ಲೇ ಹೇಳಿದ, ನಿಮ್ಮಂಥವರಿಗೆ ಅಲ್ಲಿ ಗೋಡೆಯ ಆಚೆ ಬೇರೆ ಸಾಲು ಇದೆ, ಅದೂ ಚೆನ್ನಾಗೇ ಇದೆ, ನೀರಿನ ನಲ್ಲಿ ಹತ್ತಿರ. ಅವಳು ತಲೆ ಎತ್ತಿ ಆ ಗೋಡೆ ನೋಡಿದಳು. ಮೂವತ್ತು ವರ್ಷ ಒಂದೇ ಕಂಬಳಿಯಲ್ಲಿ ಮಲಗಿದವಳಿಗೆ ನಲ್ಲಿಯ ಆಸೆ ತೋರಿಸಿದರು. ಆ ಗೋಡೆ ಕಟ್ಟಿದವರಿಗೆ ಎಂದೂ ನಾಚಿಕೆಯಾಗಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಅವಳು ಮತಾಂತರಕ್ಕೆ ನಿಂತದ್ದು ಆ ಪಕ್ಕದ ಜಾಗಕ್ಕಾಗಿ. ಶುರುವಾದದ್ದು ಹಾಗೆ. ಆದರೆ ಎರಡು ಚಳಿಗಾಲ ಸಂಜೆ ಪಾಠಕ್ಕೆ ಹೋಗಿ ಹೋಗಿ ಅವಳಿಗೆ ಅದು ಹಿಡಿಸಿಬಿಟ್ಟಿತು. ನಿಯಮದಂತೆ ಮಾಂಸಕ್ಕೊಂದು ಹಾಲಿಗೊಂದು ಪಾತ್ರೆ ಮಾಡಿಕೊಂಡಳು. ಶುಕ್ರವಾರ ಹೊತ್ತಿಳಿಯುವ ಮುಂಚೆ ದೀಪ ಹಚ್ಚಿ, ಕಣ್ಣಿಗೆ ಕೈ ಅಡ್ಡ ಹಿಡಿದು, ತಪ್ಪುತಪ್ಪಾಗಿ ಪ್ರಾರ್ಥನೆ ಹೇಳಿ, ಆಮೇಲೆ ಕೈ ತೆಗೆದಾಗ ಮನೆ ಬೇರೆಯೇ ಕಾಣುತ್ತದೆ ಎನ್ನುತ್ತಿದ್ದಳು. ನಮ್ಮಲ್ಲಿ ಹುಟ್ಟಾ ಯಹೂದಿಗಳಾದ ಎಷ್ಟೋ ಜನ ಆ ಹೊತ್ತಿಗೆ ಟಿವಿ ಮುಂದೆ ಕೂತು ಹಂದಿಮಾಂಸದ ಸಾಸೇಜ್ ಕಡಿಯುತ್ತಿರುತ್ತಾರೆ. ಅವರನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ.

ಅವಳ ಪರವಾಗಿ ಮತಾಂತರ ಮಾಡಿಸುವ ರಬ್ಬಿಗಳ, ಅಂದರೆ ಧರ್ಮಗುರುಗಳ, ನ್ಯಾಯಪೀಠದ ಮುಂದೆ ಸಾಕ್ಷಿ ಹೇಳಿದವನು ಶಬ್ತಾಯ್ ಕ್ರಿಖೇಲಿ, ನಮ್ಮ ಬೀದಿಯ ರೊಟ್ಟಿ ಅಂಗಡಿಯ ಮಾಲೀಕ. ಜಾರ್ಜಿಯಾದ ಕುತಾಯಿಸಿಯವನು, ಎಮ್ಮೆಯಂಥ ಆಳು, ಮಣ್ಣಿನ ಒಲೆಯೊಳಗೆ ಅರ್ಧ ಮೈ ತೂರಿಸಿ ರೊಟ್ಟಿ ಅಂಟಿಸುತ್ತಾನೆ. ಝಿನೈದಾ ಅವನ ಅಂಗಡಿಯ ಕಟ್ಟೆಯಲ್ಲಿ ಹದಿನಾರು ವರ್ಷ ನಿಂತು ಮಾರಿದವಳು. ಜನ ರೊಟ್ಟಿಗೆ ಬರುತ್ತಿದ್ದರೋ ಇವರಿಬ್ಬರ ಜಗಳ ಕೇಳಲು ಬರುತ್ತಿದ್ದರೋ ಹೇಳುವುದು ಕಷ್ಟ.

"ಝೀನಾ, ಮುಖ ಸ್ವಲ್ಪ ನಗ್ಸಮ್ಮ. ಗಿರಾಕಿ ಬಂದಿರೋದು ರೊಟ್ಟಿಗೆ, ಸಾವಿಗಲ್ಲ."

"ನಿಮ್ ರೊಟ್ಟಿ ತಿಂದ್ಮೇಲೆ ಅದಕ್ಕೂ ಬರ್ತಾರೆ ಬಿಡಿ ಯಜಮಾನ್ರೇ."

ಹೀಗೆ ನಡೆಯುತ್ತಿತ್ತು, ಬೆಳಗಿನಿಂದ ಕತ್ತಲವರೆಗೆ.

ಪರೀಕ್ಷೆಯಲ್ಲಿ ಅವಳು ಪಾಸಾದಳು. ಇನ್ನು ಉಳಿದದ್ದು ಕೊಳದ ಸ್ನಾನ. ಹೊಸದಾಗಿ ನಮ್ಮವರಾಗುವವರು ಮಿಕ್ವೆಯ ನೀರಿನಲ್ಲಿ ಕೂದಲೂ ಮೇಲೆ ಉಳಿಯದಂತೆ ಮುಳುಗಿ ಏಳಬೇಕು. ಎದ್ದರೆ ಹೊಸ ಜನ್ಮ. ಹೆಂಗಸರು ತಿಂಗಳು ತಿಂಗಳು ಹೋಗುವ ಕೊಳವೂ ಅದೇ. ಆದರೆ ಆಗ ಒಳಗಿರುವುದು ಸಹಾಯಕಿಯೊಬ್ಬಳೇ, ಅವಳೂ ಟವೆಲ್ ಅಡ್ಡ ಹಿಡಿದು ಮುಖ ಮರೆಸಿಕೊಂಡಿರುತ್ತಾಳೆ. ಮತಾಂತರದ ಮುಳುಗು ಹಾಗಲ್ಲ. ಅದು ನ್ಯಾಯಪೀಠದ ಕೆಲಸ, ಹಗಲಲ್ಲೇ ಆಗಬೇಕು, ಮೂವರು ಗಂಡಸರು ಕಣ್ಣಾರೆ ಕಾಣಬೇಕು. ಹೆಂಗಸು ಅಗಲವಾದ ನಿಲುವಂಗಿ ತೊಟ್ಟು ಕುತ್ತಿಗೆಯವರೆಗೆ ನೀರಿಗಿಳಿದ ಮೇಲೆ ಅವರು ಒಳಗೆ ಬರುತ್ತಾರೆ, ತಲೆ ನೀರಿನೊಳಗೆ ಹೋದದ್ದನ್ನು ನೋಡುತ್ತಾರೆ, ತಿರುಗಿ ಹೊರಟುಹೋಗುತ್ತಾರೆ. ಇದನ್ನು ಮಾನ ಕಾಯುವ ವ್ಯವಸ್ಥೆ ಎಂದು ವಿವರಿಸುತ್ತಾರೆ. ವಿವರಿಸುವವರು ಯಾರೂ ಆ ನಿಲುವಂಗಿ ತೊಟ್ಟವರಲ್ಲ.

ಕೊಳದ ಸಹಾಯಕಿ ಸುಲ್ತಾನಾ, ಮೊರೊಕ್ಕೊ ಕಡೆಯವಳು, ಮಾತು ಒರಟು, ಕೈ ಮೆದು. ಅವಳು ಮೊದಲೇ ಝಿನೈದಾಳಿಗೆ ಧೈರ್ಯ ಹೇಳಿದ್ದಳು. "ಬರೋರು ಹೈಫಾದಿಂದ ಕಣೇ, ನಿನ್ನ ಪರೀಕ್ಷೆ ಮಾಡಿದೋರಲ್ಲ, ಬೇರೆಯವ್ರು. ಮುಖ ಪರಿಚಯ ಇಲ್ಲ, ಹೆಸರು ಗೊತ್ತಿಲ್ಲ. ಆಪರೇಷನ್ ಮಾಡೋ ಡಾಕ್ಟರ್ ಅಂದ್ಕೋ. ಬರ್ತಾರೆ, ಹೋಗ್ತಾರೆ, ಈ ಜನ್ಮದಲ್ಲಿ ಮತ್ತೆ ಎದುರಿಗೆ ಸಿಗಲ್ಲ."

ಆ ಮಾತನ್ನು ಝಿನೈದಾ ಗಟ್ಟಿಯಾಗಿ ಹಿಡಿದುಕೊಂಡಳು. ಮತ್ತೆ ಸಿಗದವರು. ಸಿಗದವರ ಮುಂದೆ ಒಂದು ಗಳಿಗೆ ಸತ್ತಂತಿದ್ದರಾಯಿತು ಎಂದು ಮನಸ್ಸು ಮಾಡಿಕೊಂಡು, ಉಂಗುರ ತೆಗೆದಿಟ್ಟು, ಉಗುರು ಕತ್ತರಿಸಿ, ಕೂದಲು ಬಾಚಿ ಸಿಕ್ಕು ಬಿಡಿಸಿ, ಸುಲ್ತಾನಾ ಕೊಟ್ಟ ಮಾಸಿದ ಬಿಳಿಯ ನಿಲುವಂಗಿಯಲ್ಲಿ ಒಳಕೋಣೆಯಲ್ಲಿ ಕೂತಳು.

ಆ ದಿನ ಮೂರನೆಯ ನ್ಯಾಯಾಧೀಶ ದಾರಿಯಲ್ಲೇ ಹೊಟ್ಟೆನೋವು ಬಂದು ವಾಪಸ್ಸು ಹೋಗಿದ್ದ. ಇಬ್ಬರಿಂದ ನಡೆಯುವ ಹಾಗಿಲ್ಲ. ಮುಂದೆ ಸಾಲು ಹಬ್ಬ, ಪೀಠ ಮತ್ತೆ ಕೂಡುವುದು ಯಾವಾಗಲೋ. ಹಿರಿಯ ರಬ್ಬಿ ಎಲ್ಹನಾನ್ ಕೆಟ್ಟ ಮನುಷ್ಯರಲ್ಲ. ಈ ವಿಧವೆಯನ್ನು ಸುಮ್ಮನೆ ವಾಪಸ್ಸು ಕಳಿಸಬಾರದು ಎಂದೇ ಯೋಚಿಸಿದರು. ಮೂರನೆಯವ ಪಂಡಿತನೇ ಆಗಬೇಕೆಂದಿಲ್ಲ, ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಪಾಲಿಸುವ, ಸಂಬಂಧಿಕನಲ್ಲದ ಯಾವ ಮರ್ಯಾದಸ್ಥನಾದರೂ ನಡೆಯುತ್ತದೆ. ಹೊರಗೆ ಬಂದು ಬೀದಿ ನೋಡಿದರು. ಎದುರಿಗೇ ರೊಟ್ಟಿ ಅಂಗಡಿ.

ನಮ್ಮವರಲ್ಲದೆ ಈ ತಪ್ಪನ್ನು ಜಗತ್ತಿನಲ್ಲಿ ಬೇರೆ ಯಾರೂ ಮಾಡಲಾರರು. ಸಂಖ್ಯೆ ತುಂಬಬೇಕು, ತುಂಬಿತು. ಅದೂ ಎಂಥವನಿಂದ! ಅವಳನ್ನು ಚೆನ್ನಾಗಿ ಬಲ್ಲವನಿಂದ. ದೇವರೇ ಒದಗಿಸಿದ ಎಂದು ಅವರಿಗೆ ಸಂತೋಷವಾಯಿತು.

ಝಿನೈದಾಳಿಗೆ ಕಾರಿಡಾರಿನಲ್ಲಿ ದನಿ ಕೇಳಿಸಿತು. ಆ ದನಿಯನ್ನು ಸತ್ತರೂ ಗುರುತಿಸುವಳು.

"ರಬ್ಬಿ, ಹಿಟ್ಟಿನ ಕೈ, ಏಪ್ರನ್ನೂ ಬಿಚ್ಚಿಲ್ಲ. ಒಳಗಿರೋರು ಯಾರು?"

"ನಿಮ್ಮ ಅಂಗಡಿಯ ಹೆಣ್ಣುಮಗಳೇ. ಪುಣ್ಯದ ಕೆಲಸ, ಎರಡು ನಿಮಿಷ."

ಒಳಗೆ ಝಿನೈದಾ ಸುಲ್ತಾನಾಳ ಮಣಿಕಟ್ಟು ಹಿಡಿದುಕೊಂಡಳು.

"ಅಕ್ಕಾ, ಅವ್ರು ಬೇಡ. ಬೇರೆ ಯಾರಾದ್ರೂ ಕರ್ಕೊಂಡ್ ಬರ್ಲಿ. ಬೀದಿಯಲ್ಲಿ ಹೋಗೋ ಯಾರಾದ್ರೂ ಸರಿ."

"ಬೀದಿಯಲ್ಲಿ ಹೋಗೋರನ್ನ ನಂಬಲ್ಲ ಕಣೇ ಅವ್ರು."

"ನಾಳೆ ಅವರ ಮುಂದೇನೇ ಕಟ್ಟೇಲಿ ನಿಲ್ಲಬೇಕು ನಾನು. ನಾಡಿದ್ದೂ ನಿಲ್ಲಬೇಕು." ಅವಳು ಹಿಡಿದ ಮಣಿಕಟ್ಟು ಬಿಡಲಿಲ್ಲ. "ಬಾಗಿಲ ಆಚೆ ನಿಂತ್ಕೊಳ್ಳಿ ಅನ್ನು. ನೀರಿನ ಸದ್ದು ಕೇಳತ್ತಲ್ಲ. ನೀನು ಒಳಗಿದ್ದು ನೋಡು, ಆಯ್ತು ಅಂತ ಕೂಗು. ಸಾಕಾಗಲ್ವಾ? ಕೇಳಕ್ಕಾ, ಒಂದ್ಸಲ ಕೇಳು."

ಸುಲ್ತಾನಾ ಹೋಗಿ ಕೇಳಿದಳು. ರಬ್ಬಿಯ ಉತ್ತರ ಒಳಕೋಣೆಗೇ ಕೇಳಿಸಿತು: "ಇದು ಕೇಳೋ ವಿಷಯ ಅಲ್ಲಮ್ಮ, ಕಾಣೋ ವಿಷಯ. ಮೂವರೂ ಕಾಣ್ಬೇಕು."

ಸುಲ್ತಾನಾ ವಾಪಸ್ಸು ಬಂದು ಬಾಗಿಲು ಹಾಕಿಕೊಂಡಳು. "ಹೋಗ್ಬಿಡ್ತೀಯಾ ಮನೆಗೆ? ಹೋಗೋದಾದ್ರೆ ಹೋಗು. ಯಾರೂ ಬಯ್ಯಲ್ಲ."

ಝಿನೈದಾ ಸ್ಯೋಮಾನ ಪಕ್ಕದ ಜಾಗವನ್ನು ನೆನೆಸಿಕೊಂಡಳು. ಆಮೇಲೆ ಮೆಟ್ಟಿಲಿಳಿದಳು.

ನಿಲುವಂಗಿಯೊಳಗೆ ಗಾಳಿ ಸೇರಿಕೊಂಡು ಅದು ನೀರಿನ ಮೇಲೆ ಬೆಲೂನಿನಂತೆ ಉಬ್ಬಿತು. ಸುಲ್ತಾನಾ ಮಂಡಿಯೂರಿ ಅದನ್ನು ಒತ್ತಿ ಒತ್ತಿ ಕೆಳಗೆ ತಳ್ಳುತ್ತಿದ್ದಳು, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಪೂರ್ತಿ ಇಳಿಯುವ ಮೊದಲೇ ಬಾಗಿಲು ತೆರೆಯಿತು. ಮೂರು ಜೊತೆ ಬೂಟು. ಎರಡು ಕಪ್ಪು, ಒಂದಕ್ಕೆ ಹಿಟ್ಟು ಮೆತ್ತಿತ್ತು. ಝಿನೈದಾ ಆ ಹಿಟ್ಟಿನ ಬೂಟಿಗಿಂತ ಮೇಲೆ ಕಣ್ಣೆತ್ತಲಿಲ್ಲ. ರಬ್ಬಿ ಧರ್ಮದ ಆಜ್ಞೆಗಳನ್ನು ಹೇಳಿದರು, ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿಗೆ ಎಂದಳು. ಮುಳುಗಿದಳು. ಏಳುವಾಗ ಒದ್ದೆ ಬಟ್ಟೆ ಹೆಗಲಿಗೂ ಎದೆಗೂ ಅಂಟಿ ಹಿಡಿಯಿತು. ಐವತ್ತೆಂಟು ವರ್ಷದ ಮೈ, ತೊಟ್ಟೂ ತೊಡದಂತೆ. "ಕೋಶರ್," ಶಾಸ್ತ್ರದಂತೆ ಆಯಿತು, ಎಂದರು ರಬ್ಬಿ. ಬೂಟುಗಳು ತಿರುಗಿದವು. ಅವಳು ಪ್ರಾರ್ಥನೆ ಹೇಳಿ ಮತ್ತೆ ಮುಳುಗಬೇಕಿತ್ತು. ಮುಳುಗಿ, ಉಸಿರು ಕಟ್ಟುವವರೆಗೂ ಕೆಳಗೇ ಇದ್ದಳು. ಸುಲ್ತಾನಾ ಕೂದಲು ಹಿಡಿದು ಎತ್ತಬೇಕಾಯಿತು.

ಮರುದಿನ ಅಂಗಡಿಗೆ ಹೋದಳು. ಹೋಗದೆ ಏನು ಮಾಡುವುದು, ಬಾಡಿಗೆ ಮನೆ. ಶಬ್ತಾಯ್ ಒಲೆಯಿಂದ ತಲೆಯನ್ನೇ ಹೊರಗೆ ತೆಗೆಯಲಿಲ್ಲ. ರೊಟ್ಟಿ ಬುಟ್ಟಿಯನ್ನು ಕಟ್ಟೆಯ ಮೇಲೆ ತಂದಿಟ್ಟು, ಗೋಡೆಯ ಕಡೆ ನೋಡಿ "ಇದು ಎಳ್ಳಿಂದು" ಎಂದ. ಹದಿನಾರು ವರ್ಷದಲ್ಲಿ ಎಳ್ಳಿನ ರೊಟ್ಟಿಯನ್ನು ಅವಳಿಗೆ ಪರಿಚಯ ಮಾಡಿಕೊಟ್ಟದ್ದು ಅದೇ ಮೊದಲು. ಅವಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಮುಂದೆ ದಿನಗಟ್ಟಲೆ ಹಾಗೆಯೇ. ಅವನು ಒಳಗಿಂದ ಬಂದರೆ ಅವಳು ಗಲ್ಲಾಪೆಟ್ಟಿಗೆಯ ಕಡೆ ಬಗ್ಗುತ್ತಿದ್ದಳು. ಅವಳು ಹಿಂದೆ ಚೀಲ ತರಲು ಹೋದರೆ ಅವನು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಗಿರಾಕಿಗಳಿಗೆ ರುಚಿ ಕೆಟ್ಟಿತು. "ಏನಪ್ಪಾ ಶಬ್ತಾಯ್, ಗಂಡ ಹೆಂಡ್ತಿ ಮಾತು ಬಿಟ್ಟ್ರಾ?" ಎಂದು ಯಾರೋ ಹಾಸ್ಯ ಮಾಡಿದರು. ಹಿಂದೆಯಾದರೆ ಆ ಮಾತಿಗೆ ಝಿನೈದಾ ಹೇಳಿದವನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಈಗ ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಅದನ್ನು ಕಂಡು ಹಾಸ್ಯ ಮಾಡಿದವನೂ ರೊಟ್ಟಿ ಬಿಟ್ಟು ಚಿಲ್ಲರೆ ಮಾತ್ರ ತೆಗೆದುಕೊಂಡು ಹೊರಟುಹೋದ.

ಅವಳಿಗೆ ಒಂದೇ ಅರ್ಥವಾಗಿತ್ತು: ಇವನು ನೋಡಿದ್ದಾನೆ. ಹೇಸಿಗೆ ಪಟ್ಟಿದ್ದಾನೆ. ಅದಕ್ಕೇ ಮುಖ ತಿರುಗಿಸುತ್ತಾನೆ. ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಏಪ್ರನ್ ಬಿಚ್ಚಿ ಮಡಚಿ ಕಟ್ಟೆಯ ಮೇಲಿಟ್ಟಳು.

"ಯಜಮಾನ್ರೇ, ನಾಳೆಯಿಂದ ಬೇರೆಯವ್ರನ್ನ ನೋಡ್ಕೊಳ್ಳಿ."

ಒಲೆಯೊಳಗಿಂದ ಶಬ್ತಾಯ್ ತಲೆ ತೆಗೆದ. ಹುಬ್ಬು ಸುಟ್ಟಿತ್ತು. "ಏನಂದೆ?"

"ಆಗಲ್ಲ ನನ್ ಕೈಲಿ. ನೀವೂ ನನ್ನ ನೋಡಲ್ಲ, ನಾನೂ ನಿಮ್ಮನ್ನ ನೋಡಲ್ಲ. ಹಿಂಗೆ ರೊಟ್ಟಿ ಮಾರೋಕಾಗತ್ತಾ?"

"ಅಯ್ಯೋ ಪುಣ್ಯಾತ್ಗಿತ್ತೀ!" ಎಂದು ಅವನು ಕೂಗಿಯೇಬಿಟ್ಟ, ಹಳೆಯ ದನಿ. "ನಾನು ಏನೂ ನೋಡ್ಲಿಲ್ಲ ಕಣಮ್ಮಾ! ಬಾಗಿಲು ದಾಟೋ ಮುಂಚೆನೇ ಕಣ್ಣು ಮುಚ್ಕೊಂಡೋನು, ಆಚೆ ಬಂದು ಗೋಡೆಗೆ ಹಣೆ ಬಡಿದ್ಮೇಲೇ ಬಿಟ್ಟಿದ್ದು. ಇಲ್ಲಿ ನೋಡು, ಇನ್ನೂ ಊದ್ಕೊಂಡಿದೆ. ನಮ್ಮಮ್ಮನಾಣೆ. ನನ್ನ ಅಂಗಡಿ ಹೆಣ್ಮಗಳು ನೀರಲ್ಲಿ ನಿಂತಿದ್ರೆ ಕಣ್ಣು ಬಿಟ್ಟು ನೋಡೋಕೆ ನಾನೇನು ದನನಾ?"

"ಮತ್ತೆ ಯಾಕೆ ಮುಖ ತಿರುಗಿಸ್ತಿದ್ರಿ?"

"ನಾಚ್ಕೆ ಕಣೇ! ಅಲ್ಲಿಗೆ ಹೋದೆನಲ್ಲ ಅಂತ. ಆಗಲ್ಲ ಅಂತ ಹೇಳ್ಬೇಕಿತ್ತು. ರಬ್ಬಿ ಕರೆದ್ರೂಂತ ಕುರಿ ಹಾಗೆ ಹೋದೆ."

ಅವಳು ನಕ್ಕಳು. ಅತ್ತಳೂ ಕೂಡ, ಎರಡೂ ಒಟ್ಟಿಗೆ. ಏಪ್ರನ್ ಮತ್ತೆ ಕಟ್ಟಿಕೊಂಡಳು. ಅವನು ಬಿಸಿ ರೊಟ್ಟಿ ಮುರಿದು ಅರ್ಧ ಅವಳ ಕಡೆ ತಳ್ಳಿದ. ರೊಟ್ಟಿಗೆ ಮೊದಲು ಹೇಳುವ ಪ್ರಾರ್ಥನೆಗೆ ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು.

"ನೀವು ನೋಡ್ಲೇ ಇಲ್ವಾ?"

"ಹೇಳಿದ್ನಲ್ಲ, ಇಲ್ಲ."

"ಹಾಗಾದ್ರೆ ಇಬ್ರೇ ನೋಡಿದ್ದು. ಮೂವರೂ ಕಾಣ್ಬೇಕು ಅಂದಿದ್ರು ರಬ್ಬಿ."

ಶಬ್ತಾಯ್‌ಗೆ ಆಗ ಹೊಳೆಯಿತು. ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ತನ್ನ ಮರ್ಯಾದೆಯಿಂದಲೇ ಇವಳನ್ನು ಬಾಗಿಲ ಹೊರಗೆ ನಿಲ್ಲಿಸಿಬಿಟ್ಟಿದ್ದ. "ಯಾರಿಗೆ ಗೊತ್ತಾಗತ್ತೆ ಬಿಡು," ಎಂದ, ಪಿಸುದನಿಯಲ್ಲಿ. "ನಾನು ಬಾಯಿ ಬಿಡಲ್ಲ. ನಿನ್ನನ್ನ ಅವನ ಪಕ್ಕದಲ್ಲೇ ಮಲಗ್ಸೋದು ನನ್ ಜವಾಬ್ದಾರಿ."

"ಸುಳ್ಳನ್ನ ತಲೆದಿಂಬು ಮಾಡ್ಕೊಂಡು ಅವ್ನ ಪಕ್ಕ ಮಲಗ್ಲಾ?" ಎಂದಳು ಝಿನೈದಾ. "ಶುಕ್ರವಾರ ದೀಪ ಹಚ್ಚುವಾಗ ಯಾರಾಗಿ ಹಚ್ಲಿ ನಾನು? ಹೇಳಿ."

ಆ ಸಂಜೆಯೇ ಅಂಗಡಿ ಮುಚ್ಚಿ, ಇಬ್ಬರೂ ಬಸ್ಸು ಹತ್ತಿ ಹೈಫಾದಲ್ಲಿ ರಬ್ಬಿ ಎಲ್ಹನಾನರ ಮನೆಗೆ ಹೋದರು. ದಾರಿಯುದ್ದಕ್ಕೂ ಅವಳು ಮತ್ತೆ ಆ ಕೊಳಕ್ಕೆ, ಆ ಬೂಟುಗಳ ಮುಂದೆ ಇಳಿಯುವುದನ್ನೇ ಕಲ್ಪಿಸಿಕೊಳ್ಳುತ್ತಿದ್ದಳು. ಇಳಿಯುತ್ತೇನೆ ಎಂದು ನಿರ್ಧಾರ ಮಾಡಿಯೇ ಬಸ್ಸಿಳಿದಳು. ನಿಜವಾದ ನಂಬಿಕೆ ಎಂದರೆ ಏನು ಎಂದು ಭಾಷಣ ಮಾಡುವವರು ಆ ಬಸ್ಸಿನಲ್ಲಿ ಅವಳ ಎದುರು ಕೂತಿರಬೇಕಿತ್ತು.

ಶಬ್ತಾಯ್ ಟೋಪಿ ಹಿಸುಕುತ್ತ ಎಲ್ಲ ಒಪ್ಪಿಕೊಂಡ. ರಬ್ಬಿ ಮೊದಲು ಸಿಟ್ಟಾದರು. "ನಿನ್ನನ್ನ ಕರೆದಿದ್ದು ಕಣ್ಣು ಮುಚ್ಚೋಕಾ?" ಆಮೇಲೆ ಗಡ್ಡ ನೀವಿಕೊಂಡು ಯೋಚಿಸಿದರು. ಆಮೇಲೆ ಅವರ ಮುಖ ತಿಳಿಯಾಯಿತು.

"ಹೆದರಬೇಡಿ ತಾಯಿ. ಆಗಿಹೋದ ಮೇಲೆ ತೊಂದರೆ ಇಲ್ಲ. ನಾವಿಬ್ಬರು ಕಂಡಿದ್ದೀವಿ. ಇವನು ಅಲ್ಲೇ ಇದ್ದ, ನೀರಿನ ಸದ್ದು ಕೇಳಿದ, ಮುಳುಗಿದ್ದು ಇವನಿಗೆ ಗೊತ್ತು. ಅಷ್ಟು ಸಾಕು. ನೀವು ಯಹೂದಿಯೇ."

ಝಿನೈದಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ಸದ್ದು ಕೇಳಿದ್ರೆ ಸಾಕಾ?"

"ಆದ ಮೇಲೆ ಸಾಕು."

"ಅವತ್ತು ನಾನು ಅದನ್ನೇ ಕೇಳಿದ್ದೆ. ಬಾಗಿಲ ಆಚೆ ನಿಂತ್ಕೊಳ್ಳಿ, ಸದ್ದು ಕೇಳಿ ಅಂತ. ಸುಲ್ತಾನಾ ಹತ್ರ ಹೇಳಿ ಕಳಿಸಿದ್ದೆ."

ರಬ್ಬಿ ಮತ್ತೆ ಗಡ್ಡಕ್ಕೆ ಕೈ ಹಾಕಿದರು. "ಮೊದಲೇ ಹಾಗೆ ಮಾಡೋದು ರೂಢಿ ಇಲ್ಲ. ಮಾಡಿದ ಹಿರಿಯರಿಲ್ಲ ಅಂತಲ್ಲ. ಇದ್ದಾರೆ. ಯಾರೂ ಒತ್ತಾಯ ಮಾಡಿ ಕೇಳಲ್ಲ, ಹಾಗಾಗಿ…"

"ಯಾರು ಕೇಳ್ಬೇಕು ರಬ್ಬಿ? ಬಟ್ಟೆ ಬಿಚ್ಚಿಟ್ಟು ಕೂತಿರೋಳು, ನೀವು ಬೇಡ ಅಂದ್ರೆ ಮಣ್ಣಿಗೂ ಜಾಗ ಇಲ್ಲದೋಳು, ಅವ್ಳು ಒತ್ತಾಯ ಮಾಡ್ಬೇಕಾ?" ಅವಳ ದನಿ ಏರಲಿಲ್ಲ, ಇಳಿಯಿತು. "ನನ್ ಗಂಡ ನನ್ನನ್ನ ಒದ್ದೆ ಬಟ್ಟೇಲಿ ಯಾವತ್ತೂ ನೋಡಿರ್ಲಿಲ್ಲ. ನೀವು ನೋಡಿದ್ರಿ. ನೋಡೋ ಅಗತ್ಯ ಇರ್ಲಿಲ್ಲ ಅಂತ ಈಗ ಹೇಳ್ತಿದ್ದೀರಿ."

ರಬ್ಬಿ ಎಲ್ಹನಾನ್ ಮೇಜಿನ ಮೇಲಿದ್ದ ತಮ್ಮ ಕೈಗಳನ್ನೇ ನೋಡುತ್ತ ಕೂತರು. ಮೂವತ್ತು ವರ್ಷ ಎಷ್ಟೋ ಹೆಂಗಸರ ತಲೆ ನೀರಿಗಿಳಿಯುವುದನ್ನು ಕಂಡ ಮನುಷ್ಯ. ಆ ತಲೆಗಳ ಒಳಗೆ ಏನು ನಡೆಯುತ್ತಿತ್ತು ಎಂದು ಆ ದಿನ ಮೊದಲ ಬಾರಿ ಯೋಚಿಸಿದರೋ ಏನೋ. ಅವರ ಮುಖ ಬಾಡಿದ್ದನ್ನು ಶಬ್ತಾಯ್ ನೋಡಿದ್ದಾನೆ. ಅವನು ಆಗ ಕಣ್ಣು ಮುಚ್ಚಿಕೊಂಡಿರಲಿಲ್ಲ.

"ನಿಮ್ಮ ಮನಸ್ಸಿನ ಸಮಾಧಾನಕ್ಕೆ ಇನ್ನೊಮ್ಮೆ ಮುಳುಗಬಹುದು," ಎಂದರು ಕೊನೆಗೆ. "ನಾವು ಆಚೆ ನಿಲ್ಲುತ್ತೀವಿ. ಕಾನೂನಿಗೆ ಮಾತ್ರ ಮೊದಲಿನದೇ ಲೆಕ್ಕ. ಅದು ನನ್ನ ಕೈಯಲ್ಲಿಲ್ಲ."

"ಕಾನೂನು ಅದನ್ನ ಇಟ್ಕೊಳ್ಲಿ," ಎಂದಳು ಝಿನೈದಾ.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಅದು ನಡೆಯಿತು. ಗಂಡಸರು ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತರು, ಇಬ್ಬರು ರಬ್ಬಿಗಳು, ಅವರ ಪಕ್ಕ ಶಬ್ತಾಯ್. ಈ ಸಲ ಏಪ್ರನ್ ಬಿಚ್ಚಿ, ಕೈ ತೊಳೆದುಕೊಂಡು ಬಂದಿದ್ದ. ಒಳಗೆ ಝಿನೈದಾ ನಿಲುವಂಗಿಯನ್ನು ಮುಟ್ಟಲಿಲ್ಲ. ಸುಲ್ತಾನಾ ಟವೆಲ್ ಎತ್ತಿ ತನ್ನ ಮುಖಕ್ಕೇ ಅಡ್ಡ ಹಿಡಿದಳು. ನೀರಿಗೂ ಮೈಗೂ ನಡುವೆ ಏನೂ ಇಲ್ಲದೆ ಅವಳು ಇಳಿದಳು, ನಮ್ಮ ಬೀದಿಯ ಬೇರೆ ಹೆಂಗಸರು ಇಳಿಯುವ ಹಾಗೆಯೇ. ನೀರಿನ ಸದ್ದು ಹೊರಗೆ ಕೇಳಿಸಿತು. ಸುಲ್ತಾನಾ ಆಯ್ತು ಎಂದು ಕೂಗಿದಳು. "ಕೋಶರ್" ಎಂದು ರಬ್ಬಿ ಗೋಡೆಗೆ ಹೇಳಿದರು.

ಏನೂ ಕಷ್ಟವಿರಲಿಲ್ಲ. ಒಂದು ಬಾಗಿಲು ಮುಚ್ಚುವಷ್ಟು ಕೆಲಸ. ಎಷ್ಟು ಹೆಂಗಸರ ಮೇಲೆ ಆ ಬಾಗಿಲನ್ನು ತೆರೆದಿದ್ದೇವೆ ಎಂದು ಲೆಕ್ಕ ಹಾಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಕೊನೆಯ ಪ್ರಾರ್ಥನೆಗೆ, ಯಹೂದಿ ಹೆಸರಿಡಲು, ಅವಳು ಹೊರಗೆ ಬರಬೇಕಿತ್ತು. ಬರಲಿಲ್ಲ. ರಬ್ಬಿ ಕಾದರು, ಗಡಿಯಾರ ನೋಡಿಕೊಂಡರು, ಬಾಗಿಲು ಮೆಲ್ಲಗೆ ತಟ್ಟಿದರು.

"ತಾಯೀ, ಆಯ್ತಾ?"

"ಇಲ್ಲ," ಎಂದಳು ಝಿನೈದಾ ಒಳಗಿಂದ. "ಕೂದಲು ಒಣಗ್ಬೇಕು."

"ಉದ್ದ ಕೂದ್ಲು ರಬ್ಬಿ, ಹೊತ್ತಾಗತ್ತೆ," ಎಂದಳು ಸುಲ್ತಾನಾ. "ನಿಂತಿರಿ."

ಮೂವರು ಗಂಡಸರೂ ನಿಂತರು.